ಅಪರೂಪಕ್ಕೆ ದಾರಿ ಕೇಳುವವನ ಫೋನು

ಏನಾದರೂ ಕೊಳ್ಳುವ ಮೊದಲು ಒಂದು ಹಾಳೆಯಲ್ಲಿ ಯಾಕೆ ಬೇಕು ಅಂತ ಬರೆದುಕೊಳ್ಳುವುದು ನನ್ನ ಅಭ್ಯಾಸ. ಹೊಸ ಫೋನಿಗಾಗಿ ಬರೆದದ್ದು ಎರಡೇ ಸಾಲು. ಮೇಲೆ ದಪ್ಪಕ್ಷರದಲ್ಲಿ 'ಕೆಲಸಕ್ಕೆ'. ಅದರ ಕೆಳಗೆ, ಆಮೇಲೆ ನೆನಪಾದವನ ಹಾಗೆ ಸಣ್ಣದಾಗಿ, 'ಅಪರೂಪಕ್ಕೆ ಮ್ಯಾಪ್ ನೋಡೋಕೆ'. ಎರಡನೇ ಸಾಲಿನ ಬಗ್ಗೆ ನಾನು ಹೆಚ್ಚು ಯೋಚಿಸಿರಲಿಲ್ಲ. ಈಗ ಯಾವ ಫೋನಿನಲ್ಲಿ ಮ್ಯಾಪ್ ಇರುವುದಿಲ್ಲ ಹೇಳಿ? ಆದರೆ ಮುಂದೆ ಒಂದೂವರೆ ತಿಂಗಳು ನನ್ನನ್ನು ಕಾಡಿದ್ದು ಆ ಸಣ್ಣ ಸಾಲೇ.

ನನ್ನ ಕೆಲಸ ಲೆಕ್ಕ ತಪಾಸಣೆ. ದಿನದ ಬಹುಪಾಲು ಮೇಜಿನ ಮುಂದೆ ಕಳೆಯುತ್ತದೆ. ತಿಂಗಳಿಗೆ ಒಂದೋ ಎರಡೋ ಸಲ ಮಾತ್ರ ಯಾವುದಾದರೂ ಗೋದಾಮಿಗೆ ಹೋಗಬೇಕು. ಪುಸ್ತಕದಲ್ಲಿ ಬರೆದಿರುವ ಸರಕು ಅಲ್ಲಿ ನಿಜಕ್ಕೂ ಇದೆಯಾ ಅಂತ ಎಣಿಸಬೇಕು, ಬಿಲ್ಲುಗಳ ಫೋಟೋ ತೆಗೆದುಕೊಂಡು ಬರಬೇಕು. ಗೋದಾಮುಗಳು ಊರ ಹೊರಗೇ ಇರುತ್ತವೆ. ಎಲ್ಲದಕ್ಕೂ ಒಂದೇ ಥರದ ತಗಡಿನ ಮಾಡು, ಒಂದೇ ಥರದ ಗೇಟು. ಎಷ್ಟೋ ಕಡೆ ಬೋರ್ಡು ಕೂಡ ಇರುವುದಿಲ್ಲ. ಒಮ್ಮೆ ಹೋದ ಕಡೆಗೆ ಮತ್ತೆ ಹೋಗುವುದು ಕಮ್ಮಿ. ಹಾಗಾಗಿ ದಾರಿ ರೂಢಿಯಾಗುವ ಮಾತೇ ಇಲ್ಲ. ಬೈಕಿನ ಹ್ಯಾಂಡಲ್‌ನಲ್ಲಿರುವ ಹೋಲ್ಡರ್‌ಗೆ ಫೋನ್ ಸಿಕ್ಕಿಸಿ ಹೊರಟುಬಿಡುತ್ತೇನೆ.

ಹಳೆಯ ಫೋನಿಗೆ ಎರಡು ಕಾಯಿಲೆ ಇದ್ದವು. ಒಂದು ಕ್ಯಾಮೆರಾದ್ದು. ಬಿಲ್ಲಿನ ಫೋಟೋ ತೆಗೆದರೆ ಅಕ್ಷರಗಳ ಮೇಲೆ ಮಂಜು ಕವಿದ ಹಾಗೆ ಕಾಣುತ್ತಿತ್ತು. ಮೊದಲು ನನ್ನ ಕೈಯೇ ನಡುಗುತ್ತಿದೆ ಅಂದುಕೊಂಡೆ. ವಯಸ್ಸಾಯಿತಲ್ಲ. ಆಮೇಲೆ ಲೆನ್ಸ್ ಒರೆಸಿದೆ. ಅಂಗಿಯ ತುದಿಯಲ್ಲಿ ಒರೆಸಿದೆ, ಕನ್ನಡಕದ ಬಟ್ಟೆಯಲ್ಲಿ ಒರೆಸಿದೆ, ಆರು ತಿಂಗಳು ಒರೆಸುತ್ತಲೇ ಇದ್ದೆ. ಎರಡನೆಯದು, ದಾರಿಯ ನಡುವೆ ಕೈಕೊಡುವ ಕಾಯಿಲೆ. ಮನೆಯಲ್ಲಿ, ಆಫೀಸಿನಲ್ಲಿ ಚೆನ್ನಾಗಿಯೇ ಇರುವ ಫೋನು ಬೈಕಿನ ಮೇಲೆ ಒಂದು ಗಂಟೆ ಕಳೆದರೆ ಮುನಿಸಿಕೊಳ್ಳುತ್ತಿತ್ತು.

ಕೊನೆಯ ಸಲ ಆದದ್ದು ಹೀಗೆ. ನಡುಮಧ್ಯಾಹ್ನದ ಬಿಸಿಲು. ಗೋದಾಮಿಗೆ ಇನ್ನು ಮೂರು ಕಿಲೋಮೀಟರ್ ಅಂತ ತೋರಿಸುತ್ತಿತ್ತು. ಚಾರ್ಜ್ ಮುಗಿಯದಿರಲಿ ಅಂತ ಪವರ್ ಬ್ಯಾಂಕಿಗೆ ಸಿಕ್ಕಿಸಿದ್ದೆ. ಸ್ಕ್ರೀನ್ ಕಾಣಲಿ ಅಂತ ಬ್ರೈಟ್‌ನೆಸ್ ಪೂರ್ತಿ ಏರಿಸಿದ್ದೆ. ಮೊದಲು ಸ್ಕ್ರೀನ್ ತಾನಾಗಿಯೇ ಮಂಕಾಯಿತು. ಆಮೇಲೆ ಚಾರ್ಜ್ ಆಗುವುದು ನಿಂತಿತು. ಕೊನೆಗೆ, ಫೋನ್ ತುಂಬಾ ಬಿಸಿಯಾಗಿದೆ ಅಂತ ಒಂದು ಸಾಲು ತೋರಿಸಿ ಆಫ್ ಆಗಿಬಿಟ್ಟಿತು. ಮರದ ನೆರಳಿನಲ್ಲಿ ಬೈಕ್ ನಿಲ್ಲಿಸಿ, ಫೋನನ್ನು ಹೆಲ್ಮೆಟ್ಟಿನೊಳಗೆ ಮಲಗಿಸಿ, ಕೈಯಲ್ಲಿದ್ದ ಫೈಲಿನಿಂದ ಇಪ್ಪತ್ತು ನಿಮಿಷ ಗಾಳಿ ಹಾಕಿದೆ. ಜ್ವರ ಬಂದ ಮಗುವಿಗೆ ಮಾಡುವ ಹಾಗೆ. ಗೋದಾಮಿನವರ ನಂಬರು ಕೂಡ ಅದರೊಳಗೇ ಇತ್ತು.

ಅಲ್ಲಿ ನಿಂತಾಗ ನಾನು ಬರೆದ 'ಅಪರೂಪಕ್ಕೆ' ಅನ್ನುವ ಪದ ನೆನಪಾಯಿತು. ಮೇಜಿನ ಮುಂದೆ ಫೋನ್ ಕೆಟ್ಟರೆ ಲ್ಯಾಪ್‌ಟಾಪ್ ಇದೆ. ಪಕ್ಕದವರ ಫೋನ್ ಇದೆ. ಮೇಲ್ ಒಂದು ಗಂಟೆ ತಡವಾದರೆ ಯಾರ ಗಂಟೂ ಹೋಗುವುದಿಲ್ಲ. ಗೊತ್ತಿಲ್ಲದ ರಸ್ತೆಯಲ್ಲಿ ಕೆಟ್ಟರೆ ಮಾತ್ರ ನನ್ನ ಬಳಿ ಬೇರೆ ಏನೂ ಇಲ್ಲ. ದಿನಾ ಮಾಡುವ ಕೆಲಸವನ್ನು ಸಾಧಾರಣ ಫೋನು ಕೂಡ ನಿಭಾಯಿಸುತ್ತದೆ. ಫೋನಿನ ನಿಜವಾದ ಪರೀಕ್ಷೆ ನಡೆಯುವುದು ತಿಂಗಳಿಗೊಮ್ಮೆ, ಅದೂ ಬಿಸಿಲಿನಲ್ಲಿ.

ಅಕ್ಕನಿಗೆ ಇದನ್ನೆಲ್ಲ ಹೇಳಿದೆ. ನಕ್ಕಳು.

"ವರ್ಷಕ್ಕೆ ಹದಿನೈದು ದಿನದ ಕೆಲಸ. ಅದಕ್ಕೆ ಇಷ್ಟೊಂದು ತಲೆ ಕೆಡಿಸ್ಕೊಳ್ತೀಯಲ್ಲೋ."

"ಛತ್ರಿನೂ ವರ್ಷಕ್ಕೆ ಸ್ವಲ್ಪ ದಿನಾನೇ ಬೇಕಾಗೋದು ಅಕ್ಕ. ಹಾಗಂತ ಸೋರೋ ಛತ್ರಿ ತಗೊಳ್ಳೋಕಾಗುತ್ತಾ?"

"ಆಗಲ್ಲ. ಆದ್ರೆ ಛತ್ರಿ ತಗೊಳ್ಳೋಕೆ ಯಾರೂ ಒಂದೂವರೆ ತಿಂಗಳು ಹುಡುಕಲ್ಲ."

ಅದೂ ನಿಜವೇ. ಆದರೆ ಛತ್ರಿಯನ್ನು ಅಂಗಡಿಯಲ್ಲೇ ಬಿಚ್ಚಿ ನೋಡಬಹುದು. ಫೋನನ್ನು ಹಾಗೆ ನೋಡಲು ಆಗುವುದಿಲ್ಲ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಸ್ಕ್ರೀನೂ ಫಳಫಳ ಹೊಳೆಯುತ್ತವೆ. ಮಾಡಿನ ಕೆಳಗೆ ಜಿಪಿಎಸ್ ಪರೀಕ್ಷೆ ಮಾಡಿದರೆ ಏನೂ ತಿಳಿಯುವುದಿಲ್ಲ. ಡಬ್ಬಿಯ ಮೇಲೆ ಕ್ಯಾಮೆರಾದ ಬಗ್ಗೆ ಹತ್ತು ಸಾಲು ಇರುತ್ತದೆ, ದಾರಿಯ ಬಗ್ಗೆ ಒಂದೇ ಮಾತು: ಜಿಪಿಎಸ್ ಇದೆ. ಇದೆ ಅಂದರೆ ಹೇಗಿದೆ ಅಂತ ತಿಳಿಯಲು ನಾನು ಅದರ ಮೂಲಕ್ಕೇ ಹೋಗಬೇಕಾಯಿತು.

ತುಂಬಾ ದಿನ ನನಗೊಂದು ತಪ್ಪು ಕಲ್ಪನೆ ಇತ್ತು. ಇಂಟರ್ನೆಟ್ ಇಲ್ಲದಿದ್ದರೆ ಜಿಪಿಎಸ್ ಕೆಲಸ ಮಾಡುವುದಿಲ್ಲ ಅಂತ. ಹಾಗೇನಿಲ್ಲ. ಜಿಪಿಎಸ್ ಉಪಗ್ರಹಗಳು ನಮ್ಮ ತಲೆಯ ಮೇಲೆ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿವೆ. 'ನಾನು ಇಂಥವನು, ಇಲ್ಲಿದ್ದೇನೆ, ಈಗ ಗಂಟೆ ಇಷ್ಟು' ಅಂತ ಒಂದೇ ಸಮನೆ ಸಾರುತ್ತಿರುತ್ತವೆ. ಫೋನು ಅವಕ್ಕೆ ಏನನ್ನೂ ಕಳಿಸುವುದಿಲ್ಲ. ಸುಮ್ನೆ ಕೇಳಿಸಿಕೊಳ್ಳುತ್ತದೆ, ರೇಡಿಯೋ ಹಾಗೆ. ಕನಿಷ್ಠ ನಾಲ್ಕು ಉಪಗ್ರಹಗಳ ದನಿ ಕೇಳಿದರೆ, ಅವು ಬಂದು ತಲುಪಿದ ಹೊತ್ತಿನ ವ್ಯತ್ಯಾಸದಿಂದ ತಾನೆಲ್ಲಿದ್ದೇನೆ ಅಂತ ಲೆಕ್ಕ ಹಾಕುತ್ತದೆ. ಇದಕ್ಕೆ ಸಿಮ್ಮೂ ಬೇಡ, ಡೇಟಾನೂ ಬೇಡ.

ಲೆಕ್ಕದವನಾದ್ದರಿಂದ ಈ ಲೆಕ್ಕ ನನಗೆ ಬಲು ಇಷ್ಟವಾಯಿತು. ಬೆಳಕು ಒಂದು ನ್ಯಾನೋಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲಿನಲ್ಲಿ, ಸುಮಾರು 30 ಸೆಂಟಿಮೀಟರ್ ಹೋಗುತ್ತದೆ. ಅಂದರೆ ಗಡಿಯಾರ ಅಷ್ಟು ಸಣ್ಣ ಪಾಲು ತಪ್ಪಿದರೂ ದೂರ ಒಂದು ಅಡಿ ತಪ್ಪುತ್ತದೆ. ಐನ್‌ಸ್ಟೈನ್ ಹೇಳಿದ ಹಾಗೆ ಉಪಗ್ರಹದ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ (ಒಂದು ಮೈಕ್ರೋ ಅಂದರೆ ಸಾವಿರ ನ್ಯಾನೋ) ಮುಂದೆ ಓಡುತ್ತದೆ. ಅದನ್ನು ಮೊದಲೇ ಕಳೆದು ಸರಿ ಮಾಡಿರುತ್ತಾರೆ. ಸರಿ ಮಾಡದಿದ್ದರೆ ಒಂದೇ ದಿನದಲ್ಲಿ ಕಿಲೋಮೀಟರುಗಟ್ಟಲೆ ತಪ್ಪು ಕೂಡಿಕೊಳ್ಳುತ್ತದಂತೆ. ಗೋದಾಮಿನ ಗೇಟು ಹುಡುಕಲು ಐನ್‌ಸ್ಟೈನ್ ಬೇಕಾಗುತ್ತಾರೆ ಅಂತ ಯಾರಿಗೆ ಗೊತ್ತಿತ್ತು?

ಹಾಗಾದರೆ ಇಂಟರ್ನೆಟ್ ಯಾಕೆ ಬೇಕು ಅಂದರೆ, ಎರಡು ಕಾರಣಕ್ಕೆ. ಉಪಗ್ರಹ ಮಾತಾಡುವುದು ಬಹಳ ನಿಧಾನ. ಸೆಕೆಂಡಿಗೆ 50 ಬಿಟ್ ಅಷ್ಟೇ. ಒಂದು ಉಪಗ್ರಹ ತನ್ನ ಪಥದ ವಿವರವನ್ನು 30 ಸೆಕೆಂಡಿಗೊಮ್ಮೆ ಹೇಳುತ್ತದೆ. ಎಲ್ಲ ಉಪಗ್ರಹಗಳ ಪಟ್ಟಿ ಪೂರ್ತಿ ಬರಲು ಹನ್ನೆರಡೂವರೆ ನಿಮಿಷ ಬೇಕು. ಇಂಟರ್ನೆಟ್ ಇದ್ದರೆ ಫೋನು ಈ ವಿವರಗಳನ್ನು ಅಲ್ಲಿಂದ ಕ್ಷಣದಲ್ಲಿ ಇಳಿಸಿಕೊಳ್ಳುತ್ತದೆ. ಇಲ್ಲದಿದ್ದರೆ ಆಕಾಶ ಕಾಣುವ ಕಡೆ ಸ್ವಲ್ಪ ಹೊತ್ತು ಅಲುಗಾಡದೆ ಇಡಬೇಕು, ತಾಳ್ಮೆಯಿಂದ. ಇನ್ನೊಂದು ಕಾರಣ ಮ್ಯಾಪಿನ ಚಿತ್ರ. ಅದನ್ನು ಮೊದಲೇ ಇಳಿಸಿಟ್ಟುಕೊಂಡರೆ ಆ ತೊಂದರೆಯೂ ಇಲ್ಲ. ಗೂಗಲ್ ಮ್ಯಾಪ್ಸ್‌ನಲ್ಲಿ ಬೇಕಾದ ಪ್ರದೇಶವನ್ನು ಇಳಿಸಿಕೊಳ್ಳಬಹುದು. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ನಕ್ಷೆಗಳನ್ನು ಬಳಸುವ ಆರ್ಗ್ಯಾನಿಕ್ ಮ್ಯಾಪ್ಸ್, ಓಸ್ಮ್‌ಆ್ಯಂಡ್ ಥರದ ಆ್ಯಪ್‌ಗಳಂತೂ ಇಂಥದ್ದಕ್ಕೇ ಹುಟ್ಟಿದವು. ಎಲ್ಲಿ ಟ್ರಾಫಿಕ್ ಜಾಮ್ ಆಗಿದೆ ಅಂತ ಹೇಳುವುದಿಲ್ಲ, ಅಷ್ಟೇ. ಊರ ಹೊರಗಿನ ಗೋದಾಮಿನ ರಸ್ತೆಯಲ್ಲಿ ನನಗೆ ಅದರ ಚಿಂತೆ ಕಮ್ಮಿ.

ಈ ವಿಷಯ ತಲೆಯಲ್ಲಿ ಇಟ್ಟುಕೊಂಡಿರಿ. ಮುಂದೆ ಇದೇ ನನ್ನ ಕೈಹಿಡಿಯಿತು. ಆದರೆ ಆಗ ನನಗೆ ಅದು ಹೊಳೆಯಲಿಲ್ಲ. ಆಗ ನನಗೆ ಹಿಡಿದಿದ್ದು ಡ್ಯುಯಲ್ ಫ್ರೀಕ್ವೆನ್ಸಿ ಹುಚ್ಚು.

ಮಾಮೂಲಿ ಫೋನು ಉಪಗ್ರಹವನ್ನು ಒಂದೇ ಅಲೆಯಲ್ಲಿ ಕೇಳಿಸಿಕೊಳ್ಳುತ್ತದೆ. ಎಲ್1 ಅಂತ ಅದರ ಹೆಸರು, 1575.42 ಮೆಗಾಹರ್ಟ್ಸ್. ಕೆಲವು ಫೋನುಗಳು ಎಲ್5 ಅನ್ನುವ ಇನ್ನೊಂದು ಅಲೆಯನ್ನೂ ಕೇಳಬಲ್ಲವು, 1176.45 ಮೆಗಾಹರ್ಟ್ಸ್. 2018ರಲ್ಲಿ ಬಂದ ಶವೋಮಿಯ ಮಿ 8 ಇದನ್ನು ಮೊದಲು ತಂದ ಫೋನು. ಎತ್ತರದ ಕಟ್ಟಡಗಳ ನಡುವೆ ಉಪಗ್ರಹದ ದನಿ ಗೋಡೆಗೆ ಬಡಿದು, ಸುತ್ತಿ ಬಳಸಿ ಬರುತ್ತದೆ. ಬಾವಿಯೊಳಗೆ ಕೂಗಿದರೆ ಯಾವುದು ನಮ್ಮ ದನಿ, ಯಾವುದು ಪ್ರತಿಧ್ವನಿ ಅಂತ ಗೊತ್ತಾಗುವುದಿಲ್ಲವಲ್ಲ, ಹಾಗೆ. ಎಲ್5 ಇದ್ದರೆ ನೇರ ಬಂದದ್ದನ್ನೂ ಬಡಿದು ಬಂದದ್ದನ್ನೂ ಬೇರೆ ಮಾಡುವುದು ಸುಲಭ. ಇದನ್ನು ಓದಿದ ಮೇಲೆ ಎಲ್5 ಇಲ್ಲದ ಫೋನುಗಳನ್ನೆಲ್ಲ ಪಟ್ಟಿಯಿಂದ ಹೊಡೆದು ಹಾಕಿದೆ.

ಆಮೇಲೆ ಒಂದು ಭಾನುವಾರ ಮೂರು ಫೋನು ಒಟ್ಟು ಮಾಡಿದೆ. ನನ್ನ ಹಳೆಯದು, ಅಕ್ಕನದು, ಅಕ್ಕನ ಮಗನದು. ಅವನ ಫೋನಿನಲ್ಲಿ ಎಲ್5 ಇತ್ತು. ಮೂರಕ್ಕೂ ಜಿಪಿಎಸ್‌ಟೆಸ್ಟ್ ಅನ್ನುವ ಪುಕ್ಕಟೆ ಆ್ಯಪ್ ಹಾಕಿದೆ. ಈಗ ಫೋನಿಗೆ ಯಾವ ಯಾವ ಉಪಗ್ರಹ ಕೇಳಿಸುತ್ತಿದೆ, ಯಾವ ಅಲೆಯಲ್ಲಿ ಕೇಳಿಸುತ್ತಿದೆ ಅಂತ ಅದು ಸಾಲಾಗಿ ತೋರಿಸುತ್ತದೆ. ಒಂದೊಂದರ ಪಕ್ಕದಲ್ಲಿ ಒಂದೊಂದು ಬಾವುಟ. ಅಮೆರಿಕದ ಜಿಪಿಎಸ್, ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈಡೌ. ನೆಲದ ಮೇಲೆ ಒಬ್ಬರಿಗೊಬ್ಬರು ಮುಖ ಕೊಟ್ಟು ಮಾತಾಡದವರೆಲ್ಲ ಸೇರಿ ನಾನು ತಾರಸಿಯ ಯಾವ ಮೂಲೆಯಲ್ಲಿ ನಿಂತಿದ್ದೇನೆ ಅಂತ ಹೇಳುತ್ತಿದ್ದರು. ಅರ್ಧ ಗಂಟೆ ಅದನ್ನೇ ನೋಡುತ್ತಾ ಕೂತಿದ್ದೆ, ಬಂದ ಕೆಲಸ ಮರೆತು.

ಫಲಿತಾಂಶ ನಾನು ಎಣಿಸಿದ ಹಾಗೆ ಬರಲಿಲ್ಲ. ತಾರಸಿಯ ಮೇಲೆ, ತೆರೆದ ಆಕಾಶದ ಕೆಳಗೆ, ಮೂರೂ ಫೋನು ಹೆಚ್ಚುಕಮ್ಮಿ ಒಂದೇ ಜಾಗ ತೋರಿಸಿದವು. ತೆರೆದ ಬಯಲಿನಲ್ಲಿ ಮಾಮೂಲಿ ಫೋನು ಕೂಡ ಸುಮಾರು 5 ಮೀಟರ್ ಒಳಗೇ ಗುರಿ ಹಿಡಿಯುತ್ತದೆ. ಎರಡು ದೊಡ್ಡ ಕಟ್ಟಡಗಳ ನಡುವಿನ ಸಂದಿಗೆ ಹೋದಾಗ ಮಾತ್ರ ವ್ಯತ್ಯಾಸ ಕಂಡಿತು. ಅಲ್ಲಿ ನನ್ನ ಹಳೆಯ ಫೋನು ನನ್ನನ್ನು ಗೋಡೆ ದಾಟಿಸಿ ಯಾರದೋ ಮನೆಯೊಳಗೆ ನಿಲ್ಲಿಸಿತ್ತು. ಅಕ್ಕನ ಮಗನದು ನಾನಿದ್ದ ಸಂದಿಯಲ್ಲೇ ಇತ್ತು.

ಸರಿ, ಎಲ್5 ಒಳ್ಳೆಯದೇ. ಆದರೆ ನಾನು ಹೋಗುವುದು ಬಯಲಿನಲ್ಲಿರುವ ಗೋದಾಮುಗಳಿಗೆ. ಅಲ್ಲಿ ಹತ್ತು ಮೈಲಿಗೆ ಒಂದು ಎತ್ತರದ ಕಟ್ಟಡ ಇರುವುದಿಲ್ಲ. ನನಗೆ ಬೇಕಿಲ್ಲದ ಗುಣಕ್ಕಾಗಿ ಅರ್ಧ ಪಟ್ಟಿ ಹೊಡೆದು ಹಾಕಿದ್ದೆ. ಹೊಡೆದದ್ದನ್ನೆಲ್ಲ ಮತ್ತೆ ಬರೆದುಕೊಂಡೆ. ನಿಮ್ಮ ಓಡಾಟ ದೊಡ್ಡ ಕಟ್ಟಡಗಳ ನಡುವೆ ಇದ್ದರೆ ನೀವು ಹೊಡೆದೇ ಇಡಿ.

ಆ ದಿನ ಇನ್ನೊಂದು ವಿಷಯವೂ ಗೊತ್ತಾಯಿತು. ನಿಂತಲ್ಲೇ ನಿಂತಾಗ ಮ್ಯಾಪಿನ ಬಾಣ ಯಾವ ಕಡೆ ತಿರುಗಿದೆ ಅಂತ ಹೇಳುವುದು ಜಿಪಿಎಸ್ ಅಲ್ಲ, ಫೋನಿನೊಳಗಿನ ದಿಕ್ಸೂಚಿ. ಹೊರಡುವಾಗ ಮೊದಲ ತಿರುವನ್ನೇ ತಪ್ಪಿಸಿಕೊಳ್ಳುತ್ತೇವಲ್ಲ, ಅದರ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಅಯಸ್ಕಾಂತದಿಂದ ಅಂಟಿಕೊಳ್ಳುವ ಹೋಲ್ಡರೋ ಕವರೋ ಇದ್ದರಂತೂ ಅದು ದಿಕ್ಕು ಮರೆತುಬಿಡುತ್ತದೆ. ಬೈಕ್ ಒಂದಿಷ್ಟು ದೂರ ಓಡಿದರೆ ಆ್ಯಪ್ ನಾವು ಚಲಿಸುವ ದಿಕ್ಕನ್ನೇ ಹಿಡಿದುಕೊಳ್ಳುತ್ತದೆ, ಬಾಣ ಸರಿಯಾಗುತ್ತದೆ. ಕಡಿಮೆ ಬೆಲೆಯ ಕೆಲವು ಫೋನುಗಳಲ್ಲಿ ದಿಕ್ಸೂಚಿಯೋ, ಫೋನ್ ತಿರುಗಿದ್ದನ್ನು ಅಳೆಯುವ ಗೈರೋಸ್ಕೋಪೋ ಇರುವುದೇ ಇಲ್ಲ. ವಿವರದ ಪಟ್ಟಿಯ ಕೊನೆಯಲ್ಲಿ 'ಸೆನ್ಸರ್‌ಗಳು' ಅಂತ ಒಂದು ಸಾಲು ಇರುತ್ತದೆ. ಯಾರೂ ಓದದ ಸಾಲು. ಮ್ಯಾಪ್ ನೋಡುವವರು ಮೊದಲು ಅದನ್ನೇ ಓದಬೇಕು.

ಈಗ ಬಿಸಿಲಿನ ವಿಷಯ. ಜಾಹೀರಾತಿನಲ್ಲಿ ಸ್ಕ್ರೀನಿನ ಬೆಳಕನ್ನು ನಿಟ್ಸ್ ಲೆಕ್ಕದಲ್ಲಿ ಹೇಳುತ್ತಾರೆ. ಎರಡು ಸಾವಿರ, ಮೂರು ಸಾವಿರ ಅಂತ. ಅದು ಬಹಳ ಸಲ 'ಪೀಕ್' ಬೆಳಕು. ಸ್ಕ್ರೀನಿನ ಒಂದು ಸಣ್ಣ ಭಾಗ ಸ್ವಲ್ಪ ಹೊತ್ತು ಅಷ್ಟು ಹೊಳೆಯಬಲ್ಲದು ಅಂತ ಅರ್ಥ. ಮ್ಯಾಪ್ ಹಾಗಲ್ಲ. ಇಡೀ ಸ್ಕ್ರೀನು, ಅದೂ ಗಂಟೆಗಟ್ಟಲೆ ಬೆಳಗಬೇಕು. ಫೋನ್ ಬಿಸಿಯಾದ ಹಾಗೆ ತನ್ನನ್ನು ಉಳಿಸಿಕೊಳ್ಳಲು ಬೆಳಕನ್ನು ತಾನೇ ಇಳಿಸುತ್ತದೆ. ಅಂದರೆ ಬೆಳಕು ಯಾವಾಗ ಹೆಚ್ಚು ಬೇಕೋ ಆಗಲೇ ಕಮ್ಮಿ ಸಿಗುತ್ತದೆ. ಪೋಲರಾಯ್ಡ್ ತಂಪು ಕನ್ನಡಕ ಹಾಕುವವರಿಗೆ ಇನ್ನೊಂದು ತಮಾಷೆ ಕಾದಿರುತ್ತದೆ. ಫೋನನ್ನು ಒಂದು ಕೋನಕ್ಕೆ ತಿರುಗಿಸಿದರೆ ಸ್ಕ್ರೀನ್ ಪೂರ್ತಿ ಕಪ್ಪಾಗಬಹುದು. ಕೆಟ್ಟುಹೋಯಿತು ಅಂತ ಹೆದರಬೇಡಿ, ಕನ್ನಡಕ ತೆಗೆದು ನೋಡಿ.

ಬಿಸಿಗೆ ಒಂದು ಮಿತಿ ಇದೆ. ಆಪಲ್ ತನ್ನ ಐಫೋನುಗಳನ್ನು 0ರಿಂದ 35 ಡಿಗ್ರಿ ಸೆಲ್ಸಿಯಸ್ ಒಳಗೆ ಬಳಸಿ ಅಂತ ಹೇಳುತ್ತದೆ. ಅದು ಸುತ್ತಲಿನ ಗಾಳಿಯ ಲೆಕ್ಕ. ನೇರ ಬಿಸಿಲಿಗೆ ಮುಖ ಒಡ್ಡಿದ ಕಪ್ಪು ಗಾಜಿನ ಹಲಗೆ ಅದಕ್ಕಿಂತ ಎಷ್ಟೋ ಜಾಸ್ತಿ ಕಾಯುತ್ತದೆ. ನಾನು ಮಾಡಿದ್ದನ್ನು ನೆನೆದರೆ ಈಗ ನಗು ಬರುತ್ತದೆ. ಮೇಲಿನಿಂದ ಸೂರ್ಯ, ಒಳಗಿನಿಂದ ಪೂರ್ತಿ ಬ್ರೈಟ್‌ನೆಸ್, ಕೆಳಗಿನಿಂದ ಪವರ್ ಬ್ಯಾಂಕ್ ತುಂಬುತ್ತಿದ್ದ ಚಾರ್ಜ್. ಮೂರು ಕಡೆಯಿಂದ ಕಾಯಿಸಿ, ಫೋನ್ ಯಾಕೆ ಬಿಸಿಯಾಯಿತು ಅಂತ ಅದನ್ನೇ ಬೈದಿದ್ದೆ.

ಇಷ್ಟಾದರೂ ಕ್ಯಾಮೆರಾದ ಕಾಯಿಲೆಗೂ ದಾರಿಗೂ ಸಂಬಂಧ ಇದೆ ಅಂತ ನನಗೆ ಹೊಳೆದಿರಲಿಲ್ಲ. ಹೇಳಿಕೊಟ್ಟವರು ರಿಪೇರಿಯವರು. ಹಳೆಯ ಫೋನಿಗೆ ಬ್ಯಾಟರಿ ಬದಲಾಯಿಸಬಹುದಾ ಅಂತ ಕೇಳಲು ಹೋಗಿದ್ದೆ. ಅವರು ಕ್ಯಾಮೆರಾ ತೆರೆದು, ಫೋನನ್ನು ಕಿವಿಯ ಹತ್ತಿರ ಹಿಡಿದು, ಮೆಲ್ಲಗೆ ಅಲ್ಲಾಡಿಸಿದರು.

"ಇದನ್ನ ಗಾಡಿ ಹ್ಯಾಂಡಲ್‌ಗೆ ಸಿಕ್ಕಿಸ್ತೀರಾ ಸಾರ್?"

"ಹೌದು. ಹೇಗೆ ಗೊತ್ತಾಯ್ತು?"

"ಎಷ್ಟು ವರ್ಷದಿಂದ?"

"ಎರಡು ವರ್ಷ ಆಯ್ತು."

ಅವರು ತಲೆಯಾಡಿಸಿದರು, ಡಾಕ್ಟರು ರಿಪೋರ್ಟ್ ನೋಡಿ ಆಡಿಸುವ ಹಾಗೆ. "ಲೆನ್ಸ್ ಕೂರ್ತಾ ಇಲ್ಲ ಸಾರ್. ನಡುಗಿ ನಡುಗಿ ಹಾಳಾಗಿದೆ."

ಮನೆಗೆ ಬಂದು ಓದಿದೆ. ಒಳ್ಳೆಯ ಕ್ಯಾಮೆರಾ ಇರುವ ಫೋನುಗಳಲ್ಲಿ ಲೆನ್ಸು ಗಟ್ಟಿಯಾಗಿ ಕೂತಿರುವುದಿಲ್ಲ. ನಮ್ಮ ಕೈ ಅಲುಗಿದರೂ ಫೋಟೋ ಅಲುಗದಿರಲಿ ಅಂತ ಅದನ್ನು ಸಣ್ಣ ಸ್ಪ್ರಿಂಗು, ಅಯಸ್ಕಾಂತಗಳ ನಡುವೆ ತೂಗುಬಿಟ್ಟಿರುತ್ತಾರೆ. ಕೈಯ ನಡುಕಕ್ಕೆ ಅದು ಸಾಕು. ಎಂಜಿನ್ನಿನ ನಡುಕ ಬೇರೆಯದೇ. 2021ರಲ್ಲಿ ಆಪಲ್ ಇದರ ಬಗ್ಗೆ ಬಳಕೆದಾರರಿಗೆ ಒಂದು ಸೂಚನೆ ಹಾಕಿತ್ತು. ದೊಡ್ಡ ಎಂಜಿನ್ನಿನ ಬೈಕುಗಳ ಕಂಪನ ಹ್ಯಾಂಡಲ್‌ನಿಂದ ಫೋನಿಗೆ ಹರಿದು ಕ್ಯಾಮೆರಾದ ಗುಣ ಕೆಡಿಸಬಹುದು, ಹಾಗಾಗಿ ಸಿಕ್ಕಿಸಬೇಡಿ ಅಂತ. ಸಣ್ಣ ಸ್ಕೂಟರುಗಳಾದರೂ ಕಂಪನ ತಡೆಯುವ ಹೋಲ್ಡರ್ ಬಳಸಿ ಅಂತ. ನನ್ನದು ಅವರ ಫೋನಲ್ಲ. ಆದರೆ ಲೆನ್ಸ್ ತೂಗುಬಿಟ್ಟ ಫೋನು ಯಾರದಾದರೇನು, ನಡುಕ ನಡುಕವೇ.

ನನ್ನ ಹಾಳೆಯ ಎರಡು ಸಾಲುಗಳು ಅಲ್ಲಿಗೆ ಒಂದಕ್ಕೊಂದು ಡಿಕ್ಕಿ ಹೊಡೆದವು. ಕೆಲಸಕ್ಕೆ ಒಳ್ಳೆಯ ಕ್ಯಾಮೆರಾ ಬೇಕು. ದಾರಿಗೆ ಅದನ್ನು ಬೈಕಿಗೆ ಸಿಕ್ಕಿಸಬೇಕು. ಕ್ಯಾಮೆರಾ ಒಳ್ಳೆಯದಾದಷ್ಟೂ ಅದರ ಲೆನ್ಸು ನಾಜೂಕು. ಅಂದರೆ ತಿಂಗಳಿಗೊಮ್ಮೆ ಮಾಡುವ ಕೆಲಸ ದಿನಾ ಮಾಡುವ ಕೆಲಸವನ್ನು ಸದ್ದಿಲ್ಲದೆ ತಿನ್ನುತ್ತಿತ್ತು. ನಾನು ಮಾತ್ರ ಬಟ್ಟೆ ಹಿಡಿದು ಲೆನ್ಸ್ ಒರೆಸುತ್ತಾ ಕೂತಿದ್ದೆ.

ಒಂದೇ ಫೋನಿನಲ್ಲಿ ಎರಡನ್ನೂ ಸಾಧಿಸುವುದು ಹೇಗೆ ಅಂತ ಇನ್ನೂ ಒಂದು ವಾರ ತಿಣುಕಾಡಿದೆ. ಬೈಕಿನಲ್ಲಿ ಹೋಗುವಾಗ ಫೋನನ್ನು ಜೇಬಿನಲ್ಲಿಟ್ಟು ದನಿಯಲ್ಲಿ ದಾರಿ ಕೇಳಿಸಿಕೊಳ್ಳುವುದು ಒಂದು ದಾರಿ. ಪ್ರಯತ್ನಿಸಿದೆ. ಗೋದಾಮಿನ ರಸ್ತೆಗಳಿಗೆ ಹೆಸರೇ ಇರುವುದಿಲ್ಲ. 'ಮುಂದೆ ಎಡಕ್ಕೆ ತಿರುಗಿ' ಅಂದಾಗ ಅಲ್ಲಿ ಮೂರು ಎಡಗಳಿದ್ದವು. ಚಿತ್ರ ಒಮ್ಮೆಯಾದರೂ ಕಣ್ಣಿಗೆ ಬೀಳಲೇಬೇಕು. ಕಂಪನ ತಡೆಯುವ ಹೋಲ್ಡರ್ ನೋಡಿದೆ. ಅದು ನಡುಕವನ್ನು ಕಮ್ಮಿ ಮಾಡುತ್ತದೆ, ಬಿಸಿಲನ್ನು ಕಮ್ಮಿ ಮಾಡುವುದಿಲ್ಲ.

ಮಳೆಯ ಬಗ್ಗೆಯೂ ಒಂದು ಮಾತು. ಫೋನು ನೀರು, ಧೂಳು ಎಷ್ಟು ತಡೆಯುತ್ತದೆ ಅಂತ ಹೇಳಲು ಐಪಿ ಅನ್ನುವ ಗುರುತು ಇರುತ್ತದೆ. ಐಪಿ67 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ. ಐಪಿ68 ಅದಕ್ಕಿಂತ ಹೆಚ್ಚು, ಎಷ್ಟು ಅಂತ ತಯಾರಕರೇ ಹೇಳಬೇಕು. ಎಲ್ಲ ಸರಿ. ಆದರೆ ಫೋನ್ ಬದುಕುವುದು ಬೇರೆ, ಕೆಲಸ ಮಾಡುವುದು ಬೇರೆ. ಸ್ಕ್ರೀನಿನ ಮೇಲೆ ಬಿದ್ದ ಹನಿಯನ್ನು ಅದು ಬೆರಳು ಅಂದುಕೊಳ್ಳುತ್ತದೆ. ಒಮ್ಮೆ ನನ್ನ ಫೋನಿನಲ್ಲಿ ಮಳೆಯೇ ಮ್ಯಾಪ್ ಮುಚ್ಚಿ, ಯಾರಿಗೋ ಕಾಲ್ ಮಾಡಿತ್ತು.

ಕೆಲಸದ ಸಾಲಿಗೆ ನಾನು ಕೊಟ್ಟ ಸಮಯ ಒಂದು ಸಂಜೆ. ಅದು ಅಷ್ಟು ಸುಲಭ. ಬಿಲ್ಲಿನ ಫೋಟೋಗೆ 108 ಮೆಗಾಪಿಕ್ಸೆಲ್ ಬೇಕಿಲ್ಲ. ಅಂಥ ಫೋನುಗಳು ಮಾಮೂಲಿಯಾಗಿ ಒಂಬತ್ತು ಪಿಕ್ಸೆಲ್ ಸೇರಿಸಿ ಒಂದು ಮಾಡಿ 12 ಮೆಗಾಪಿಕ್ಸೆಲ್ ಚಿತ್ರವನ್ನೇ ಕೊಡುತ್ತವೆ. ಕಾಗದಕ್ಕೆ ಅದು ಧಾರಾಳ. ದೊಡ್ಡ ಸೆನ್ಸರ್ ಇರುವ ಕ್ಯಾಮೆರಾವನ್ನು ಕಾಗದದ ತೀರಾ ಹತ್ತಿರ ಹಿಡಿದರೆ ನಡುವೆ ಸ್ಪಷ್ಟವಾಗಿದ್ದು ಅಂಚುಗಳು ಮಸುಕಾಗುತ್ತವೆ. ಸ್ವಲ್ಪ ಹಿಂದೆ ಸರಿದು ಎರಡು ಪಟ್ಟು ಜೂಮ್ ಮಾಡಿ ತೆಗೆಯಬೇಕು. ಇದು ಫೋನಿನ ಗುಣವಲ್ಲ, ನಮ್ಮ ರೂಢಿ.

ನಾನು ಪಟ್ಟು ಹಿಡಿದದ್ದು ಅಪ್‌ಡೇಟ್ ವಿಷಯದಲ್ಲಿ. ಬೇರೆಯವರ ಲೆಕ್ಕ, ಬ್ಯಾಂಕಿನ ವಿವರ ನನ್ನ ಫೋನಿನಲ್ಲಿರುತ್ತದೆ. ಭದ್ರತೆಯ ಅಪ್‌ಡೇಟ್ ನಿಂತ ಫೋನಿನಲ್ಲಿ ಅದನ್ನೆಲ್ಲ ಇಟ್ಟುಕೊಳ್ಳುವುದು ಸರಿಯಲ್ಲ. ಈಗ ಕಾಲ ಬದಲಾಗಿದೆ. ಗೂಗಲ್ 2023ರ ಪಿಕ್ಸೆಲ್ 8ಕ್ಕೆ ಏಳು ವರ್ಷ ಕೊಡುತ್ತೇವೆ ಅಂದಿತು. ಸ್ಯಾಮ್‌ಸಂಗ್ 2024ರ ಎಸ್24ಕ್ಕೂ ಅಷ್ಟೇ ವರ್ಷ ಅಂದಿತು. ಯುರೋಪಿನಲ್ಲಂತೂ 2025ರ ಜೂನ್‌ನಿಂದ ಮಾರುವ ಹೊಸ ಮಾದರಿಗಳಿಗೆ ಕನಿಷ್ಠ ಐದು ವರ್ಷದ ಅಪ್‌ಡೇಟ್ ಕಡ್ಡಾಯ. ಬ್ಯಾಟರಿ ಕೂಡ 800 ಸಲ ಚಾರ್ಜ್ ಆದ ಮೇಲೂ ಶೇ 80ರಷ್ಟು ಶಕ್ತಿ ಉಳಿಸಿಕೊಂಡಿರಬೇಕು. ಎಷ್ಟು ವರ್ಷ ಅಪ್‌ಡೇಟ್ ಅಂತ ಹೇಳದ ಫೋನುಗಳನ್ನು ಕೈಬಿಟ್ಟೆ. ಎರಡು ಸಿಮ್, 256 ಜಿಬಿ ಜಾಗ, ಕರೆಯಲ್ಲಿ ಸ್ಪಷ್ಟವಾದ ದನಿ. ಕೆಲಸಕ್ಕೆ ಇನ್ನೇನು ಬೇಕು? ಫೋನು ಸಿಕ್ಕೇಬಿಟ್ಟಿತು. ಹೆಸರು ಬರೆಯುವುದಿಲ್ಲ. ನೀವು ಓದುವ ಹೊತ್ತಿಗೆ ಅದರ ಮುಂದಿನದು ಬಂದಿರುತ್ತದೆ.

ಹೊಸ ಫೋನಿಗೆ ಎಲ್ಲವನ್ನೂ ದಾಟಿಸುವ ಕೆಲಸ ಇತ್ತಲ್ಲ, ಆಗ ಹಳೆಯ ಫೋನು ಮೇಜಿನ ಮೇಲೆ ಪಕ್ಕದಲ್ಲೇ ಇತ್ತು. ಫೋಟೋ, ನಂಬರುಗಳು ಸಲೀಸಾಗಿ ದಾಟಿದವು. ಲಾಗಿನ್‌ಗೆ ಬೇಕಾದ ಆರಂಕಿಯ ಕೋಡ್ ಕೊಡುವ ಆ್ಯಪ್ ಮಾತ್ರ ತಾನಾಗಿ ದಾಟಲಿಲ್ಲ. ಅದರೊಳಗೆ ಹೋಗಿ ಒಂದೊಂದು ಖಾತೆಯನ್ನೂ ಕಳಿಸಬೇಕಾಯಿತು. ಹಳೆಯದನ್ನು ಅಳಿಸುವ ಮೊದಲು ಇದನ್ನು ಮಾಡಿ, ಇಲ್ಲದಿದ್ದರೆ ನಿಮ್ಮ ಮನೆಗೆ ನೀವೇ ಬೀಗ ಹಾಕಿಕೊಂಡು ಹೊರಗೆ ನಿಂತ ಹಾಗಾಗುತ್ತದೆ. ಎಲ್ಲ ಮುಗಿದು ಹಳೆಯ ಫೋನಿನ ಸಿಮ್ ಹೊರತೆಗೆದೆ. ಸುಮ್ನೆ ಕುತೂಹಲಕ್ಕೆ ಅದರಲ್ಲಿ ಇಳಿಸಿಟ್ಟಿದ್ದ ಮ್ಯಾಪ್ ತೆರೆದೆ. ಕಿಟಕಿಯ ಹತ್ತಿರ ಒಯ್ದೆ. ಸಿಮ್ ಇಲ್ಲ, ಇಂಟರ್ನೆಟ್ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು ನೀಲಿ ಚುಕ್ಕೆ ಬಂದು ಮನೆಯ ಮೇಲೆ ಕೂತಿತು.

ಓದಿ ತಿಳಿದಿದ್ದೆ, ಅಕ್ಕನಿಗೆ ಪಾಠವನ್ನೂ ಮಾಡಿದ್ದೆ. ಆದರೂ ಆ ಚುಕ್ಕೆ ಬಂದು ಕೂರುವವರೆಗೆ ತಲೆಗೆ ಹೋಗಿರಲಿಲ್ಲ. ದಾರಿ ತೋರಿಸಲು ಹೊಸ ಫೋನೇ ಬೇಕಿರಲಿಲ್ಲ.

ಈಗ ಬೈಕಿನ ಹ್ಯಾಂಡಲ್ ಮೇಲೆ ಹಳೆಯದೇ ಕೂರುತ್ತದೆ. ಹೊಸ ಬ್ಯಾಟರಿ ಹಾಕಿಸಿದ್ದೇನೆ. ಕ್ಯಾಮೆರಾ ಹೇಗೂ ಹೋಗಿದೆ, ಇನ್ನು ನಡುಗಿ ಕೆಡುವುದಕ್ಕೆ ಏನು ಉಳಿದಿದೆ? ಅದರಲ್ಲಿ ಮ್ಯಾಪ್ ಬಿಟ್ಟು ಬೇರೇನೂ ಇಲ್ಲ. ಮೇಲ್ ಇಲ್ಲ, ಬ್ಯಾಂಕ್ ಇಲ್ಲ, ಹಾಗಾಗಿ ಅಪ್‌ಡೇಟ್ ನಿಂತರೂ ಹೆದರಿಕೆ ಇಲ್ಲ. ಏರೋಪ್ಲೇನ್ ಮೋಡ್‌ನಲ್ಲಿಟ್ಟು ಲೊಕೇಶನ್ ಒಂದನ್ನು ಆನ್ ಮಾಡುತ್ತೇನೆ. ಟವರ್ ಹುಡುಕುವ ಕೆಲಸ ಇಲ್ಲದ್ದರಿಂದ ಚಾರ್ಜ್ ಸುಮಾರು ಹೊತ್ತು ಬರುತ್ತದೆ, ದಾರಿಯಲ್ಲಿ ಪವರ್ ಬ್ಯಾಂಕ್ ಬೇಕಾಗುವುದಿಲ್ಲ. ಉದ್ದನೆಯ ನೇರ ರಸ್ತೆಯಲ್ಲಿ ಸ್ಕ್ರೀನ್ ಆರಿಸಿಬಿಡುತ್ತೇನೆ. ಬ್ಯಾಟರಿ ಸೇವರ್ ಮಾತ್ರ ಹಾಕುವುದಿಲ್ಲ. ಅದು ಸ್ಕ್ರೀನ್ ಆರಿದ ಕೂಡಲೇ ಮ್ಯಾಪನ್ನೂ ಮಲಗಿಸಿಬಿಡುತ್ತದೆ. ಒಂದು ಸಲ ಎರಡು ತಿರುವು ದಾಟಿ ಹೋದ ಮೇಲೆ ಇದು ಗೊತ್ತಾಯಿತು. ಹೊಸ ಫೋನು ಒಳಜೇಬಿನಲ್ಲಿ ತಣ್ಣಗಿರುತ್ತದೆ. ಅದರಲ್ಲೂ ಅದೇ ಮ್ಯಾಪ್ ಇದೆ, ಗೋದಾಮಿನವರ ನಂಬರೂ ಇದೆ.

"ಹಾಗಾದ್ರೆ ಒಂದೂವರೆ ತಿಂಗಳು ಹುಡುಕಿದ್ದು ಯಾತಕ್ಕೆ?" ಅಂತ ಅಕ್ಕ ಕೇಳಿದಳು. ಉತ್ತರ ಕೊಡಲಿಲ್ಲ. ಮಾತು ಬದಲಾಯಿಸಿದೆ.

ಹೋದ ವಾರ ಹೊಸ ಏರ್ಪಾಡಿನಲ್ಲಿ ಮೊದಲ ಗೋದಾಮಿಗೆ ಹೋಗಿದ್ದೆ. ಹಳೆಯ ಫೋನು ಸರಿಯಾಗಿ ಗೇಟಿನ ಮುಂದೆ ತಂದು ನಿಲ್ಲಿಸಿತು. ಸರಕು ಎಣಿಸಿ, ಬಿಲ್ಲುಗಳ ಕಟ್ಟು ಬಿಚ್ಚಿ, ಹೊಸ ಫೋನಿನಲ್ಲಿ ಒಂದೊಂದರ ಫೋಟೋ ತೆಗೆಯುತ್ತಾ ಹೋದೆ. ನಡುವೆ ಒಂದು ಬಿಲ್ಲು ಎಲ್ಲೋ ನೋಡಿದ ಹಾಗಿತ್ತು. ಎರಡು ತಿಂಗಳ ಹಿಂದೆ, ಅದನ್ನು ಕೊಟ್ಟ ಕಂಪನಿಯ ಕಡೆಯ ಪ್ರತಿಯನ್ನು ಹಳೆಯ ಫೋನಿನಲ್ಲಿ ತೆಗೆದುಕೊಂಡಿದ್ದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಅಂದಿನ ಮಸುಕಿನಲ್ಲಿ ನಾನು 3 ಅಂತ ಓದಿ ಲೆಕ್ಕಕ್ಕೆ ಬರೆದುಕೊಂಡಿದ್ದ ಅಂಕಿ, ನಿಜವಾಗಿ 8.

ಅಂಥ ಫೋಟೋಗಳು ಇನ್ನೂ ಆರು ತಿಂಗಳಿನವು ಇವೆ. ದಿನಾ ಸಂಜೆ ಒಂದಿಷ್ಟನ್ನು ತೆರೆದು, ಮೂಲ ಬಿಲ್ಲುಗಳ ಜೊತೆ ತಾಳೆ ನೋಡುತ್ತಾ ಕೂತಿದ್ದೇನೆ.